ಊದುಬತ್ತಿ ಹಚ್ಚದ ಗಾಡಿ

ಮಾವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಚರ್ಮ ಸದಾ ಸುಲಿದಿರುತ್ತಿತ್ತು. ಏನನ್ನೂ ಬೆರೆಸದ ಸುಗಂಧದೆಣ್ಣೆಯನ್ನು ಬರಿಗೈಯಲ್ಲೇ ಹತ್ತಿಗೆ ಹಚ್ಚಿ, ಮುಚ್ಚಳಕ್ಕೆ ತೂತು ಕೊರೆದ ಪೌಡರ್ ಡಬ್ಬಿಯಲ್ಲಿಟ್ಟು, ಗಾಡಿಯ ಸೀಟಿನಡಿಗೆ ತಳ್ಳುತ್ತಿದ್ದರು. ಕೆದಂಬಾಡಿಯಲ್ಲಿ ಅವರು ನಮ್ಮ ನೆರೆಮನೆಯವರು, ನಾನು ಮಾವ ಎಂದು ಕರೆಯುತ್ತಿದ್ದೆ. ಪುತ್ತೂರಿನ ಆಸ್ಪತ್ರೆಗಳಲ್ಲಿ ಯಾರಾದರೂ ತೀರಿಕೊಂಡರೆ ಶವವನ್ನು ಊರಿಗೆ ಮುಟ್ಟಿಸುತ್ತಿದ್ದದ್ದು ಅವರ ಓಮ್ನಿ ವ್ಯಾನು. ಆಲೆಟ್ಟಿಗೆ, ಕಡಬಕ್ಕೆ, ಎಲ್ಲಿಗೆ ಕರೆದರೂ ಹೋಗುತ್ತಿದ್ದರು. ಬೇರೆ ಬಾಡಿಗೆ ಅವರಿಗೆ ಸಿಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ, ಮನೆಯಲ್ಲೂ ಒಬ್ಬರೇ.

ಹೋಗಿ ಬಂದ ಮೇಲೆ ಗಾಡಿ ತೊಳೆದು, ಎಲ್ಲ ಬಾಗಿಲು ತೆರೆದು ಬಿಸಿಲಿಗೆ ಬಿಡುವರು. ಒಣಗಿದ ಮೇಲೆ ಎಣ್ಣೆ. ಊದುಬತ್ತಿ ಮಾತ್ರ ಹಚ್ಚುತ್ತಿರಲಿಲ್ಲ.

"ಊದುಬತ್ತಿ ಪರಿಮಳ ಬಂದ್ರೆ ಜನ ಹಿಂದಿನ ಸೀಟು ನೋಡ್ತಾರೆ, ಯಾರನ್ನು ಮಲಗಿಸಿದ್ದಾರೆ ಅಂತ."

ಮೊದಲು ನಿಂಬೆಯಂತೆ ಪರಿಮಳಿಸುವ ಮಜ್ಜಿಗೆ ಹುಲ್ಲಿನ ಎಣ್ಣೆ ತಂದರು. ಕೆಲವೇ ತಿಂಗಳಲ್ಲಿ, ಪುತ್ತೂರಿನ ದಾರಿಯ ಕುಂಬ್ರ ಪೇಟೆಯಲ್ಲಿ ಆ ಪರಿಮಳ ಹಾದೊಡನೆ ಅಂಗಡಿ ಜಗಲಿಯವರು "ಯಾರೋ ಹೋದ್ರು ಮಾರಾಯ್ರೆ" ಎನ್ನತೊಡಗಿದರು. ನೀಲಗಿರಿಗೆ ಬದಲಿಸಿದರು. ಅದೂ ಸಾವಿನ ವಾಸನೆಯಾಯಿತು. ನೆಗಡಿಗೆ ನೀಲಗಿರಿ ಹಚ್ಚಿಕೊಂಡು ಬಂದವರನ್ನೂ ಜನ ಬಿಡಲಿಲ್ಲ: "ಎಂತ, ಆ ಓಮ್ನಿಯಿಂದ ಎದ್ದು ಬಂದದ್ದಾ?"

ಕೊನೆಗೆ ಕಿತ್ತಳೆ ಸಿಪ್ಪೆಯ ಎಣ್ಣೆ. "ಎಣ್ಣೆ ಬದಲಿಸಿ ಎಂತ ಮಾಡುದು? ಗಾಡಿ ಅದೇ ಅಲ್ವಾ?" ಎಂದು ಮಾವ ನಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಜೀವ ಇರುವ ಒಬ್ಬರು ಹತ್ತಿ ಕೂತು, ದಾರಿಯುದ್ದ ಮಾತಾಡಿ, ಇಳಿದು ಹೋಗಬೇಕು.

ನನ್ನ ಡಿಗ್ರಿಯ ಕೊನೆಯ ಪರೀಕ್ಷೆಯ ದಿನ ಬಸ್ಸು ಬರಲಿಲ್ಲ. ಮಾವ ಗಾಡಿ ನಿಲ್ಲಿಸಿ, ನನ್ನ ಮುಖ ನೋಡದೆ, "ಬರುದಾದ್ರೆ ಬಾ. ಬೇಡ ಅಂದ್ರೂ ಬೇಜಾರಿಲ್ಲ" ಎಂದರು. ಹತ್ತಿದೆ.

"ತಲೆ ಸುತ್ತುದಿಲ್ಲ ಅಲ್ವಾ? ಕಿತ್ತಳೆ ಆಗ್ತದಾ?" ಪುತ್ತೂರು ಹತ್ತಿರವಾಗುವವರೆಗೆ ಕೇಳುತ್ತಲೇ ಇದ್ದರು.

"ಒಳ್ಳೇದುಂಟು ಮಾವ."

ಮಾವ ಕಾಲೇಜಿನ ಗೇಟಿನವರೆಗೂ ತಂದು ಇಳಿಸಿದರು.

ಬೀಡಿ ಕಟ್ಟುವ ಅಮ್ಮನ ಮಗಳು ನಾನು. ನಮ್ಮ ಕುಟುಂಬದ ಮೊದಲ ಪದವಿ ನನ್ನದು; ಹೇಳಿಕೊಳ್ಳಲು ಸಂಕೋಚವಿಲ್ಲ, ಸುಲಭಕ್ಕೆ ಬಂದದ್ದಲ್ಲ. ಮಂಗಳೂರಿನಲ್ಲಿ ಪದವಿ ಸ್ವೀಕರಿಸುವ ದಿನ ಮಾವನ ಗಾಡಿಯಲ್ಲೇ ಹೋಗುವುದೆಂದು ಹಟ ಹಿಡಿದೆ.

"ಒಳ್ಳೆ ಕಾರ್ಯಕ್ಕೆ ಆ ಗಾಡಿಯಾ? ನಾನು ಬಸ್ಸಿನಲ್ಲಿ ಬರ್ತೇನೆ" ಎಂದು ಅಮ್ಮ ಹೊರಟೇಬಿಟ್ಟರು.

ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಕುಂಬ್ರದಲ್ಲಿ ವೇಗ ತಗ್ಗಿಸಿ, "ಗ್ಲಾಸ್ ಪೂರ ಇಳಿಸು ಮಾರಾಯ್ತಿ, ನಿನ್ನನ್ನು ಕಾಣ್ಲಿ" ಎಂದರು.

ಜಗಲಿಯಿಂದ ಒಬ್ಬರು ಕೂಗಿದರು: "ಹೋ, ಇವತ್ತು ಕೂತುಕೊಂಡು ಹೋಗುವವರು ಸಿಕ್ಕಿದ್ರಾ!"

ಮಾವ ಉದ್ದಕ್ಕೆ ಹಾರ್ನ್ ಹೊಡೆದರು.

ಈಗ ನಾನು ಕಡಬದಲ್ಲಿ ಟೀಚರ್, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಕಳೆದ ವರ್ಷ ಮಾವ ಎದೆನೋವಿನಿಂದ ಪುತ್ತೂರಿನ ಆಸ್ಪತ್ರೆ ಸೇರಿದಾಗ ಗಂಜಿ ಕೊಂಡುಹೋಗಿದ್ದ ಅಮ್ಮನೇ ಸಾವಿನ ಸುದ್ದಿ ಫೋನಿನಲ್ಲಿ ತಿಳಿಸಿದರು. ರಾತ್ರಿ ಬಸ್ಸು ಸಿಗದೆ ಮರುದಿನ ನಾನು ಊರು ಮುಟ್ಟುವಾಗ ಶವಸಂಸ್ಕಾರ ಮುಗಿದಿತ್ತು. ಮಾವನ ಬಾಗಿಲಿಗೆ ಯಾರೋ ಬೀಗ ಹಾಕಿದ್ದರು.

"ಯಾವ ಗಾಡಿಯಲ್ಲಿ ತಂದ್ರು?" ಎಂದು ಅಮ್ಮನನ್ನು ಕೇಳಿದೆ.

"ಆಂಬುಲೆನ್ಸ್."

"ಜೊತೆಗೆ ಯಾರು ಕೂತರು?"

ಅಮ್ಮ ಬೀಡಿಯ ಎಲೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರೂ ಮುಂದೆ ಬರ್ಲಿಲ್ಲ. ನಾನು ಹತ್ತಿದೆ."