ತಂಗಿಯನ್ನು ಕರೆಯಲು ಹೊರಟ ಗಾಡಿ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳ ಹಿಂದೆ ಒಂದು ಓಣಿ ಇದೆ. ಕಲ್ಲು ಉಜ್ಜುವಾಗ ಹರಿಯುವ ಬಿಳಿಯ ಕೆಸರು ಒಣಗಿ ಹುಡಿಯಾಗಿ, ಗಾಳಿ ಬಂದಾಗಲೆಲ್ಲ ಆ ಓಣಿಯನ್ನು ಹೊಗುತ್ತದೆ. ಆದ್ದರಿಂದ ಅಲ್ಲಿಯ ಜನರಿಗೆ ಎಲ್ಲವನ್ನೂ ಮುಚ್ಚಿಡುವ ಅಭ್ಯಾಸ. ಟಿ.ವಿ.ಗೆ ಬಟ್ಟೆ, ಅದರ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ನೀರಿನ ಕೊಡಕ್ಕೆ ತಟ್ಟೆ, ತಟ್ಟೆಯ ಮೇಲೆ ಮತ್ತೊಂದು ಬಟ್ಟೆ. ಈ ವಿಷಯದಲ್ಲಿ ಮಾಣಿಕಪ್ಪನು ಉಳಿದವರಿಗಿಂತ ಒಂದು ಕೈ ಮೇಲು. ಆತನ ಮನೆಯಲ್ಲಿ ಗೋಡೆಯ ಗಡಿಯಾರಕ್ಕೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಗಂಟೆ ಎಷ್ಟೆಂದು ತಿಳಿಯಬೇಕಾದರೆ ಅದರ ಬುಡಕ್ಕೆ ಹೋಗಿ ನಿಂತು ನೋಡಬೇಕಾಗಿತ್ತು.

ಮಾಣಿಕಪ್ಪನು ಪಾಲಿಶ್ ಯಂತ್ರದ ಮೇಲೆ ದುಡಿಯುತ್ತಲೇ ಐವತ್ತು ದಾಟಿದವನು. ಮಾತು ಕಡಿಮೆ, ಹಟ ಹೆಚ್ಚು. ಬಿರುಕು ಬಿಟ್ಟ ಕಲ್ಲಿಗೆ ಅಂಟನ್ನು ಕಲಸಿ ತುಂಬಿ, ಬಿರುಕು ಎಲ್ಲಿತ್ತೆಂಬುದೇ ತಿಳಿಯದಂತೆ ಉಜ್ಜುವುದರಲ್ಲಿ ಆತನ ಕೈ ಪಳಗಿತ್ತು. ಕೆಲವು ವರ್ಷಗಳ ಹಿಂದೆ ಆತನು ಯಾರೋ ಓಡಿಸಿ ಬಿಟ್ಟ ಒಂದು ಮೋಟಾರ್ ಸೈಕಲ್ಲನ್ನು ಕೊಂಡನು. ಅದರ ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು ಕಾಣಿಸಿತು. "ಇದರಾಗಿಂದ ಹುಡಿ ಒಳಗ ಹೋಗ್ತದ" ಎಂದು, ಕಲ್ಲಿಗೆ ತುಂಬುವ ಅಂಟಿನಿಂದಲೇ ಅದನ್ನು ಮುಚ್ಚಿಬಿಟ್ಟನು. ಗಾಡಿಯು ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಬಜಾರಕ್ಕೆ ಓಡುತ್ತಿತ್ತು. ಅದಕ್ಕಿಂತ ದೂರ ಅದು ಹೋದದ್ದೇ ಇಲ್ಲ.

ಆತನಿಗೆ ಒಬ್ಬಳೇ ತಂಗಿ, ಲಾಲಮ್ಮ. ಅವಳನ್ನು ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿದ್ದರು. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಗಳು ತವರಿಗೆ ಬರಬೇಕು. ಅವಳನ್ನು ಕರೆಯಲು ಅಣ್ಣನೋ ತಮ್ಮನೋ ಖುದ್ದಾಗಿ ಹೋಗಬೇಕು. ಕರೆಯದೆ ಬಂದವಳಿಗೆ ಮರ್ಯಾದೆ ಇಲ್ಲವೆಂದು ಹೆಂಗಸರು ತಿಳಿಯುತ್ತಾರೆ. ಮಾಣಿಕಪ್ಪನು ಕೆಲಸದ ನೆವದಿಂದ ಒಂದು ವರ್ಷ ಮಗ ಅಜಯಕುಮಾರನನ್ನು ಕಳಿಸಿದನು. ಲಾಲಮ್ಮನು ಸೋದರಳಿಯನಿಗೆ ಊಟ ಹಾಕಿ, ಅವನೊಬ್ಬನನ್ನೇ ಹಿಂದಕ್ಕೆ ಕಳಿಸಿದಳು. ಮರುವರ್ಷ ಫೋನ್ ಮಾಡಿದನು.

"ಫೋನ್ ಮಾಡಿದ್ರ ಬರ್ಲಾಕ ನಾ ಏನ್ ಆಟೋ ಏನು?" ಎಂದು ಕೇಳಿದಳು ಲಾಲಮ್ಮ. "ನಿನ್ನ ಗಾಡಿ ಶಹಾಬಾದ್ ತುಂಬ ತಿರಗ್ತದಂತ. ನಮ್ಮೂರ ದಾರಿ ಒಂದೇ ಅದಕ್ಕ ಗೊತ್ತಿಲ್ಲ."

ಈ ವರ್ಷ ಶ್ರಾವಣ ಹುಟ್ಟುವ ಮೊದಲೇ ಅವಳು ಅತ್ತಿಗೆ ಅಂಬುಬಾಯಿಗೆ ಹೇಳಿಕಳಿಸಿದ್ದಳು: "ಈ ಸಲನೂ ಅಣ್ಣ ಬರಲಿಲ್ಲಂದ್ರ, ನನಗ ತವರಮನಿ ಇಲ್ಲಂತ ತಿಳ್ಕೋತೀನಿ." ಲಾಲಮ್ಮನು ಆಡಿದ್ದನ್ನು ಮಾಡುವವಳು. ಅಂಬುಬಾಯಿಗೆ ಎರಡು ದಿನ ಊಟ ಸೇರಲಿಲ್ಲ.

ಹುತ್ತಕ್ಕೆ ಹಾಲೆರೆಯುವ ದಿನ ಮಂಗಳವಾರ ಬಂದಿತ್ತು. ಲಾಲಮ್ಮನ ಅತ್ತೆ ಭೀಮಮ್ಮ ಹಳೆಯ ಕಾಲದವಳು. ಮಂಗಳವಾರ ತನ್ನ ಮನೆಯಿಂದ ಸೊಸೆಯನ್ನು ಕಳಿಸುವವಳಲ್ಲ. ಹಿಂದಿನ ದಿನವೇ ಕಳಿಸಬೇಕೆಂದರೂ, ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಮನೆಯ ಲಕ್ಷ್ಮಿ ಹೊಸ್ತಿಲು ದಾಟಬಾರದು. ಹೀಗಾಗಿ ಮಾಣಿಕಪ್ಪನು ಸೋಮವಾರ ದೀಪ ಹಚ್ಚುವ ಮೊದಲು ಐನಾಪುರವನ್ನು ಮುಟ್ಟಲೇಬೇಕಾಗಿತ್ತು. ಮುಂಜಾನೆ ಹೊರಟರೆ ಮಧ್ಯಾಹ್ನಕ್ಕೆ ಹೋಗಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು ಸಂಜೆಗೆ ಮನೆ ಸೇರಬಹುದೆಂದು ಆತನು ಲೆಕ್ಕ ಹಾಕಿದನು.

"ಬಸ್ಸಿಗೆ ಹೋಗ್ರಿ" ಎಂದಳು ಅಂಬುಬಾಯಿ. "ಬರೋಮುಂದ ಇಬ್ರೂ ಆರಾಮ ಕುಂತು ಬರ್ತೀರಿ."

"ಗಾಡಿ ಮ್ಯಾಲೇ ಬಾ ಅಂದಾಳಕಿ."

"ಗಾಡಿ ಸುದ್ದಿ ಆಡ್ಯಾಳ. ಗಾಡಿ ಮ್ಯಾಲೇ ಬಾ ಅಂತ ಎಲ್ಲಿ ಅಂದಾಳ?"

"ಎರಡೂ ಒಂದೇ."

ಅಂಬುಬಾಯಿ ಶೇಂಗಾ ಉಂಡಿ, ಅಳ್ಳಿಟ್ಟು, ಕುಪ್ಪಸದ ಖಣ ಇಷ್ಟನ್ನು ಚೀಲದಲ್ಲಿಟ್ಟು, ಚೀಲದ ಬಾಯಿ ಕಟ್ಟಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಕೊಟ್ಟಳು. ಮಾಣಿಕಪ್ಪನು ಆ ಗಾಡಿಯನ್ನು ಕೊಂಡ ಮೇಲೆ ಮೊದಲ ಸಲ ಟಾಕಿ ತುಂಬ ಪೆಟ್ರೋಲ್ ಹಾಕಿಸಿದನು. ಅಷ್ಟು ದಿನ ಬೇಕಾದಾಗ ಬೇಕಾದಷ್ಟೇ ಹಾಕಿಸುತ್ತಿದ್ದನು. ದಿನ ಬಿಟ್ಟು ದಿನ ಮುಚ್ಚಳ ತೆಗೆಯುತ್ತಲೇ ಇದ್ದನು.

ವಾಡಿಯವರೆಗೆ ಗಾಡಿ ಚೆನ್ನಾಗಿ ಓಡಿತು. ಸಿಮೆಂಟಿನ ಲಾರಿಗಳನ್ನು ದಾಟಿ ಚಿತ್ತಾಪುರದ ರಸ್ತೆ ಹಿಡಿದ ಮೇಲೆ, ಯಾರೋ ಹಿಂದಿನಿಂದ ಎಳೆದಂತೆ ಗುಕ್ಕುಗುಕ್ಕಾಗಿ ನಿಂತಿತು. ಕಿಕ್ ಒದ್ದನು, ಏಳಲಿಲ್ಲ. ತೊಗರಿಯ ಹೊಲದ ಬದುವಿನ ಮೇಲೆ ಕುಳಿತು ಒಂದು ಬೀಡಿ ಸೇದಿ ಬಂದು ಒದ್ದನು, ಎದ್ದಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಹೀಗೆ ಓಡುತ್ತ, ನಿಲ್ಲುತ್ತ, ಕೆಲವೆಡೆ ನೂಕಿಸಿಕೊಳ್ಳುತ್ತ ಅದು ಚಿತ್ತಾಪುರವನ್ನು ಹಿಂದೆ ಹಾಕಿ ಸೇಡಂ ಮುಟ್ಟುವಾಗ ಊಟದ ಹೊತ್ತು ಮೀರಿತ್ತು.

ಸೇಡಂ ಬಸ್ ನಿಲ್ದಾಣದ ಹತ್ತಿರ ಚಾಂದ್ ಎಂಬವನ ಗ್ಯಾರೇಜು. ಅವನು ನೆಲದ ಮೇಲೆ ಕುಳಿತು ಯಾವುದೋ ಗಾಡಿಯ ಚೈನಿಗೆ ಎಣ್ಣೆ ಹಾಕುತ್ತಿದ್ದನು.

"ಏನಾಗ್ಯಾದ ಕಾಕಾ?"

"ನಡೀತದ, ನಿಲ್ತದ. ಸ್ವಲ್ಪ ಹೊತ್ತು ಬಿಟ್ರ ಮತ್ತ ನಡೀತದ."

"ಗಾಡಿ ಅದನೋ, ಸರ್ಕಾರಿ ಕೆಲಸ ಅದನೋ?" ಎಂದು ಚಾಂದ್ ನಕ್ಕನು. "ಕುಂದ್ರಿ. ಎಲ್ಲಿಗಿ ಹೊಂಟೀರಿ?"

"ಐನಾಪುರಕ್ಕ. ತಂಗೀಗಿ ಕರೀಲಾಕ."

"ಅಂದ್ರ ಇವತ್ತ ಜಲ್ದಿ ಆಗಬೇಕು. ನಮ್ಮ ಓಣ್ಯಾಗ ಮುಂಜಾನಿಂದ ಅಣ್ಣ-ತಮ್ಮರದೇ ಗಾಡಿ ಬರ್ಲಾಕತ್ತಾವ."

ಅವನು ಟಾಕಿಯ ಮುಚ್ಚಳ ತೆಗೆದು ಪೆಟ್ರೋಲ್ ನೋಡಿದನು. ಪಕ್ಕದ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಮುಚ್ಚಳ ತೆಗೆದಾಗ ಏನಾದರೂ ಸಪ್ಪಳವಾಗಿದ್ದರೂ ಇಬ್ಬರಿಗೂ ಕೇಳುವಂತಿರಲಿಲ್ಲ. ಪ್ಲಗ್ ಬಿಚ್ಚಿ ಉಜ್ಜಿದನು. ಕಾರ್ಬುರೇಟರ್ ಬಿಚ್ಚಿ ತೊಳೆದನು. ಗಾಡಿಯನ್ನು ಎಬ್ಬಿಸಿ ಬಜಾರದಲ್ಲಿ ಒಂದು ಸುತ್ತು ಹೊಡೆದು ಬಂದನು. ಅದು ಹುಲಿಯಂತೆ ಓಡಿತು.

"ಕಚರಾ ಸಿಕ್ಕಿತ್ತು, ತಗದೀನಿ. ಈಗ ಐನಾಪುರ ಏನು, ಹೈದರಾಬಾದಿಗಿ ಹೋಗ್ರಿ" ಎಂದನು. ಮತ್ತೆ ಏನೋ ಯೋಚಿಸಿ, "ಆದ್ರ ನನ್ನ ಮಾತು ಕೇಳ್ರಿ ಕಾಕಾ. ಹಳೀ ಗಾಡಿ ಅದ, ಹಬ್ಬದ ಕೆಲಸ ಅದ. ಗಾಡಿ ಇಲ್ಲಿರಲಿ. ಚಿಂಚೋಳಿ ಬಸ್ ಅಗೋ ನಿಂತದ ನೋಡ್ರಿ, ಹತ್ತಿಬಿಡ್ರಿ" ಎಂದನು.

ಮಾಣಿಕಪ್ಪನು ಬಸ್ಸನ್ನು ನೋಡಿದನು. ಕಿಟಕಿಗಳಲ್ಲಿ ಹೊಸ ಸೀರೆಯ ಹೆಂಗಸರು ತುಂಬಿದ್ದರು. "ತಂಗಿ ಗಾಡಿ ಮ್ಯಾಲೇ ಬಾ ಅಂದಾಳ" ಎಂದು ಹೇಳಿ, ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೊರಟುಬಿಟ್ಟನು.

ಸುಲೇಪೇಟದ ದಾರಿಯಲ್ಲಿ, ಊರು ಕೇರಿ ಯಾವುದೂ ಇಲ್ಲದಲ್ಲಿ, ಗಾಡಿ ಮತ್ತೆ ನಿಂತಿತು. ಸೇಡಂ ನಿಲ್ದಾಣದಲ್ಲಿ ಕಂಡಿದ್ದ ಬಸ್ಸು ಹಿಂದಿನಿಂದ ಬಂದು, ಹಾರ್ನ್ ಹೊಡೆದು, ಆತನ ಮೇಲೆ ಕೆಸರು ಹಾರಿಸಿ ಮುಂದೆ ಹೋಯಿತು. ಆತನು ಕೈ ಎತ್ತಿದನು. ಅದು ನಿಲ್ಲಲಿಲ್ಲ.

ಆಗ ಆತನಿಗೆ ಚಾಂದನ ಮೇಲೆ ಸಿಟ್ಟು ಬಂದಿತು. ಕಾರ್ಬುರೇಟರ್ ತೊಳೆಯಲು ಪೆಟ್ರೋಲ್ ಬಸಿದುಕೊಂಡು ಖಾಲಿ ಮಾಡಿರಬೇಕೆಂದು ಅನುಮಾನಪಟ್ಟು, ಮುಚ್ಚಳವನ್ನು ತಿರುಗಿಸಿ ಎತ್ತಿದನು. ಸುತ್ತಲೂ ಯಾವ ಸದ್ದೂ ಇರಲಿಲ್ಲ. ಟಾಕಿಯು ಉಸಿರು ಎಳೆದುಕೊಂಡಂತೆ "ಸುಂಯ್" ಎಂದಿತು. ಒಳಗೆ ಪೆಟ್ರೋಲ್ ಬೇಕಾದಷ್ಟಿತ್ತು. ಒದ್ದನು, ಗಾಡಿ ಒಂದೇ ಏಟಿಗೆ ಎದ್ದಿತು.

ಮಾಣಿಕಪ್ಪನು ಮುಚ್ಚಳವನ್ನು ತಿರುವಿ ನೋಡಿದನು. ತಾನೇ ತುಂಬಿದ ಅಂಟು ಕಲ್ಲಿನಂತೆ ಕೂತಿತ್ತು. ಪೆಟ್ರೋಲ್ ಕೆಳಗಿಳಿದಂತೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು. ಹೋಗಲು ದಾರಿ ಇಲ್ಲದ್ದರಿಂದ ಪೆಟ್ರೋಲ್ ಇಳಿಯುವುದು ನಿಲ್ಲುತ್ತಿತ್ತು. ದಿನ ಬಿಟ್ಟು ದಿನ ಮುಚ್ಚಳ ತೆಗೆಯುತ್ತಿದ್ದುದರಿಂದ ಓಣಿಯ ಓಡಾಟದಲ್ಲಿ ಅದು ತಿಳಿದಿರಲಿಲ್ಲ. ಬೀಗದ ಕೈಯಿಂದ ಕೆರೆದನು, ಚೂಪುಗಲ್ಲಿನಿಂದ ಕುಟ್ಟಿದನು. ಆ ಅಂಟು ಒಮ್ಮೆ ಗಟ್ಟಿಯಾದರೆ ಕಲ್ಲು ಒಡೆದರೂ ತಾನು ಬಿಡುವುದಿಲ್ಲವೆಂದು ಆತನೇ ಗಿರಾಕಿಗಳಿಗೆ ಹೇಳುತ್ತಿದ್ದವನು. ಕೊನೆಗೆ ಮುಚ್ಚಳವನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಟಾಕಿಯ ಬಾಯಿಗೆ ಮುಖ ಒರೆಸುವ ದಸ್ತಿಯನ್ನು ಸಡಿಲಾಗಿ ಹೊದಿಸಿ ಹೊರಟನು.

ತಗ್ಗು ದಾಟಿದಾಗಲೆಲ್ಲ ಪೆಟ್ರೋಲ್ ತುಳುಕಿ ದಸ್ತಿ ತೊಯ್ದು, ಧೋತರ ತೊಯ್ದು, ವಾಸನೆ ತಲೆಗೇರಿತು. ಬೀಡಿ ಹಚ್ಚುವಂತಿರಲಿಲ್ಲ. ಸುಲೇಪೇಟ ದಾಟುತ್ತಿದ್ದಂತೆ ಜಿಟಿಜಿಟಿ ಮಳೆ ಹಿಡಿಯಿತು. ಟಾಕಿಗೆ ನೀರು ಬಿದ್ದರೆ ಗಾಡಿಯ ಕಥೆ ಮುಗಿಯುತ್ತದೆ. ಆದ್ದರಿಂದ ಮುಚ್ಚಳ ಹಾಕಿದನು. ಸ್ವಲ್ಪ ದೂರ ಹೋಗುವುದು, ಗಾಡಿ ಗುಕ್ಕು ಹಾಕಿದೊಡನೆ ಮರದ ಬುಡಕ್ಕೆ ಹೋಗಿ ಮೈಯನ್ನೇ ಅಡ್ಡ ಹಿಡಿದು ಮುಚ್ಚಳ ತೆಗೆದು ಗಾಳಿ ಕುಡಿಸುವುದು, ಮತ್ತೆ ಮುಂದೆ ಹೋಗುವುದು. ಚಿಂಚೋಳಿಗೆ ಬರುವಾಗ ಮೋಡ ಕವಿದು, ಹೊತ್ತು ಎಷ್ಟಾಗಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಅಂಗಡಿಗಳಲ್ಲಿ ಬಲ್ಬು ಹತ್ತಿದ್ದವು. ಆತನು ಅವುಗಳ ಕಡೆ ನೋಡದೆ ಗಾಡಿ ಬಿಟ್ಟನು.

ಐನಾಪುರ ಸೇರಿದಾಗ ಊರಿನ ಮನೆಗಳಲ್ಲೆಲ್ಲ ಬೆಳಕಿತ್ತು. ಕಟ್ಟಳೆಯ ಹೊತ್ತು ಮೀರಿಹೋಯಿತೆಂದು ಆತನಿಗೆ ಅನ್ನಿಸಿತು. ಆದರೂ ತಂಗಿಯ ಮನೆಯ ಓಣಿಗೆ ಗಾಡಿ ತಿರುಗಿಸಿದನು. ಅಲ್ಲಿ ಸಾಲಿನಲ್ಲಿ ತಂಗಿಯ ಮನೆಯೊಂದೇ ಕತ್ತಲಾಗಿತ್ತು. ಮನೆಯವರು ಎಲ್ಲಿಗೋ ಹೋಗಿರಬೇಕೆಂದುಕೊಂಡು ಆತನು ಗಾಡಿ ನಿಲ್ಲಿಸಿದನು.

"ಬಂದೇನಪಾ ದೊರಿ?" ಎಂದು ಕತ್ತಲಲ್ಲಿ ಭೀಮಮ್ಮನ ದನಿ ಕೇಳಿತು. "ನಿನ್ನ ಸಲುವಾಗಿ ನನ್ನ ದೇವರು ಕತ್ತಲದಾಗ ಕುಂತಾವ."

ಆ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದು ಸೊಸೆಯ ಕೆಲಸ. ದೇವರ ಮುಂದೆ ದೀಪ ಹಚ್ಚುವ ತನಕ ಬಲ್ಬು ಹಾಕುವ ರೂಢಿಯೂ ಇರಲಿಲ್ಲ. ಹೊತ್ತು ಮುಳುಗಿದಾಗ ಭೀಮಮ್ಮ ನೆನಪು ಮಾಡಿದಳು. "ಇನ್ನೂ ಹೊತ್ತದ ಅತ್ತಿ" ಎಂದಳು ಲಾಲಮ್ಮ. ಮತ್ತೆ ಕೇಳಿದಾಗ "ಬತ್ತಿ ಹೊಸೀಲಾಕತ್ತೀನಿ" ಎಂದಳು. ಹೀಗೆ ಅವಳು ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೇವರ ಮುಂದೆ ಕುಳಿತು, ಇಡೀ ಶ್ರಾವಣಕ್ಕೆ ಸಾಕಾಗುವಷ್ಟು ಬತ್ತಿ ಹೊಸೆದಿದ್ದಳು. ಭೀಮಮ್ಮ ಗೊಣಗಿದಳು, ಬೈದಳು. ಒಲೆಯಲ್ಲಿ ಬೆಂಕಿ ಇತ್ತು. ಹಚ್ಚಬೇಕೆಂದಿದ್ದರೆ ಆಕೆಯೇ ಹಚ್ಚಬಹುದಾಗಿತ್ತು. ಹಚ್ಚಲಿಲ್ಲ.

ಲಾಲಮ್ಮ ಎದ್ದು ಬಾಗಿಲಿಗೆ ಬಂದಳು. "ಯಣ್ಣಾ, ಬಂಕಿನ್ಯಾಗ ಜಳಕ ಮಾಡಿ ಬಂದೀಯೇನು? ಏನಿದು ವಾಸನಿ?"

"ಗಾಡಿ ನಿಂತಿತ್ತವ್ವಾ."

"ಗಾಡಿ ನಿಂತ್ರ ಬಸ್ ಇರಲಿಲ್ಲೇನು?"

"ನೀನೇ ಅಂದಿದ್ದಿಯಲ್ಲಾ, ಗಾಡಿ..."

"ನಾ ನಿನಗ ಬಾ ಅಂದಿದ್ದೆ. ಗಾಡೀಗಿ ಕರದು ನಾ ಏನ್ ಮಾಡ್ಲಿ?"

"ಮೊದಲ ಹೊಸ್ತಿಲ ದಾಟು. ಆಮ್ಯಾಲೆ ಬೇಕಾದಷ್ಟು ಜಗಳಾಡ್ರಿ" ಎಂದಳು ಭೀಮಮ್ಮ.

ಲಾಲಮ್ಮ ಮುಂಜಾನೆಯೇ ತುಂಬಿಟ್ಟಿದ್ದ ಚೀಲವನ್ನು ಎತ್ತಿಕೊಂಡಳು. ಅತ್ತೆಯ ಕಾಲಿಗೆ ನಮಸ್ಕರಿಸಿ, ಕಡ್ಡಿಪೆಟ್ಟಿಗೆಯನ್ನು ಆಕೆಯ ಕೈಗೆ ಕೊಟ್ಟು ಅಂಗಳಕ್ಕೆ ಇಳಿದಳು. ಭೀಮಮ್ಮ ಒಳಗೆ ಹೋಗಿ ದೀಪ ಹಚ್ಚಿದಳು. ಆಮೇಲೆ ಬಲ್ಬು ಹಾಕಿದಳು.

ಆ ಕತ್ತಲಲ್ಲಿ, ಗಾಳಿ ಕುಡಿಸುತ್ತ ನಡೆಸಬೇಕಾದ ಗಾಡಿಯ ಮೇಲೆ, ಮಳೆಯಲ್ಲಿ ಹೊರಡುವುದು ಸಾಧ್ಯವಿರಲಿಲ್ಲ. ಹೊರಗೆ ಬಂದ ಸೊಸೆ ಹಿಂದಿರುಗಿ ಒಳಗೆ ಹೋದರೆ ಮಂಗಳವಾರದ ಕಟ್ಟಳೆಗೆ ಸಿಕ್ಕಿಬೀಳುವಳು. ಅಣ್ಣ ತಂಗಿ ಇಬ್ಬರೂ ಅಂಗಳದಲ್ಲಿ ನೆನೆಯುತ್ತ ನಿಂತಿದ್ದುದನ್ನು ಎದುರುಮನೆಯ ಶಹರಬಾನು ನೋಡಿದಳು.

"ನಮ್ಮ ಮನ್ಯಾಗ ಮಂಗಳವಾರ ಇಲ್ಲ, ದೀಪಾನೂ ಇಲ್ಲ. ಬರ್ರಿ ಒಳಗ" ಎಂದು ಕರೆದು ಪಡಸಾಲೆಯಲ್ಲಿ ಚಾಪೆ ಹಾಸಿದಳು. ಗಾಡಿಗೆ ಒಂದು ಗೋಣಿಚೀಲ ಹೊದಿಸಿದಳು. ಮಾಣಿಕಪ್ಪನಿಗೆ ಉಟ್ಟುಕೊಳ್ಳಲು ಗಂಡನ ಲುಂಗಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಭೀಮಮ್ಮ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ಬೀದಿ ದಾಟಿ ಬಂದು ಕೊಟ್ಟುಹೋದಳು. ಹಿಂದಿರುಗುವಾಗ ಹಾದಿಯಲ್ಲಿ ಯಾರೋ ಹೆಂಗಸು, "ಸೊಸಿ ಎಲ್ಲಿ ಕಾಣವಲ್ಲಳು?" ಎಂದು ಕೇಳಿದ್ದಕ್ಕೆ, "ತವರಮನಿಗಿ ಹೋಗ್ಯಾಳ" ಎಂದಳು. ಲಾಲಮ್ಮ ಎದುರಿನ ಪಡಸಾಲೆಯಲ್ಲೇ ಕುಳಿತು ರೊಟ್ಟಿ ಮುರಿಯುತ್ತಿದ್ದಳು.

ಬೆಳಗಾಗುವಾಗ ಮಳೆ ನಿಂತಿತ್ತು. ಶಹರಬಾನುವಿನ ಗಂಡ ಮೊಳೆಯೊಂದನ್ನು ಕೆಂಪಗೆ ಕಾಸಿ ತಂದನು. ಮುಚ್ಚಳವನ್ನು ಗಾಡಿಯಿಂದ ದೂರ ಒಯ್ದು ಕಲ್ಲಿನ ಮೇಲಿಟ್ಟು ಅಂಟನ್ನು ಚುಚ್ಚಿದನು. ಅಂಟು ಹೊಗೆಯಾಡಿ ಬಿಟ್ಟುಕೊಟ್ಟಿತು. ಮಾಣಿಕಪ್ಪನು ಮುಚ್ಚಳ ಹಾಕಿ ಗಾಡಿ ಎಬ್ಬಿಸಿದನು. ಲಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕುಳಿತಳು. ಹಾಲೆರೆಯುವ ಹೊತ್ತಿಗೆ ಶಹಾಬಾದ್ ಸೇರಲು ಇನ್ನೂ ಸಮಯವಿತ್ತು. ಗಾಡಿ ಊರ ಅಗಸೆಬಾಗಿಲು ದಾಟಿತು.

"ಮುಂದಿನ ವರ್ಸ ಬಸ್ಸಿಗೆ ಬಾ ಯಣ್ಣಾ" ಎಂದಳು ಲಾಲಮ್ಮ. ಸ್ವಲ್ಪ ದೂರ ಹೋದ ಮೇಲೆ, "ಆದ್ರ ನೀನೇ ಬಾ" ಎಂದಳು.