ದೇವರ ಜಗಲಿಯ ಹಳದಿ ಲಕೋಟೆಗಳು

೨೦೨೩ನೇ ಇಸವಿಯಲ್ಲಿ ನಾನು ಜರ್ಮನಿಯ ಹ್ಯಾನೋವರ್ ಊರಿನ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ದೋಸೆ, ಇಡ್ಲಿ, ವಡೆ ವಿಭಾಗದ ಮುಖ್ಯ ಅಡುಗೆಯವನಾಗಿದ್ದೆ. ಒಂಬತ್ತು ವರ್ಷದ ನೌಕರಿ. ಅದಕ್ಕೂ ಮೊದಲು ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಕೆಲಸ ಮಾಡಿದವನು. ಓದಿದ್ದು ಏಳನೇ ಇಯತ್ತೆ, ಅದರಲ್ಲೂ ಏಳನೆಯದು ಅರ್ಧ. ನನ್ನಂಥವನು ಕಚೇರಿ ವಿಷಯ ಬರೆಯುವುದೇನು ಅಂತ ನನಗೇ ನಗು ಬರುತ್ತದೆ. ಆದರೆ ಆ ವರ್ಷ ಕಂಡದ್ದನ್ನು ಯಾರಿಗಾದರೂ ಹೇಳದೆ ಇರಲಾರೆ.

ನಮ್ಮ ಮಾಲಕರು ಬೆಳಗಾವಿ ಕಡೆಯವರು. ನನ್ನನ್ನು ಇಲ್ಲಿಗೆ ಕರೆಸಿದವರು ಅವರೇ. ಕಾಗದಪತ್ರವೆಲ್ಲ ಅವರೇ ನೋಡುತ್ತಿದ್ದರು. "ಮಲ್ಲಪ್ಪಾ, ನೀ ಹಂಚು ನೋಡ್ಕೊ, ಕಾಗದ ನಾ ನೋಡ್ಕೊಂತೀನಿ" ಅನ್ನುತ್ತಿದ್ದರು. ಉಪ್ಪು ತಿಂದ ಮನೆಯಲ್ಲಿ ಕಾಗದ ಕೇಳುವುದು ಅಂದರೆ ಅನುಮಾನ ಪಟ್ಟಂತೆ. ಹಾಗಾಗಿ ನಾನು ಒಂಬತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ಕೇಳಲಿಲ್ಲ.

ನನ್ನ ಹೆಂಡತಿ ಗಂಗವ್ವ ೨೦೧೯ರಲ್ಲಿ ಬಂದಳು, ಮರುವರ್ಷ ಒಂದು ಶಾಲೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಈ ದೇಶದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು, ತೆರಿಗೆಯ ವರ್ಗವನ್ನು ನಮ್ಮ ಹಾಗೆ ಒಬ್ಬರಿಗೆ ಹಗುರ, ಒಬ್ಬರಿಗೆ ಭಾರ ಅಂತ ಹಂಚಿಕೊಂಡಿದ್ದರೆ, ವರ್ಷಕ್ಕೊಮ್ಮೆ ಫಿನಾನ್ಸಾಮ್ಟ್ ಎಂಬ ತೆರಿಗೆ ಕಚೇರಿಗೆ ವಿವರ ಸಲ್ಲಿಸಲೇಬೇಕು. ಅದು ನಮಗೆ ಗೊತ್ತಿರಲಿಲ್ಲ. ಸಂಬಳದಲ್ಲಿ ಹಿಡಿದುಕೊಂಡರಲ್ಲ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ಮನೆಗೆ ಲಕೋಟೆ ಬರುತ್ತಿದ್ದವು. ಮೊದಲು ಬಿಳಿಯವು, ಆಮೇಲೆ ಹಳದಿಯವು. ಮಾರ್ಕೆಟ್ಟಿನ ಜರ್ಮನ್ ನನಗೆ ಬರುತ್ತದೆ, ಕಚೇರಿಯ ಜರ್ಮನ್ ಬೇರೆಯೇ ದೇವರು. ಸರಕಾರದ ಮುದ್ರೆ ಇದ್ದ ಕಾಗದ ಬಂದರೆ ಮೊದಲು ದೇವರ ಜಗಲಿ ಮೇಲೆ ಇಡುವುದು ನಮ್ಮ ಮನೆತನದ ರೂಢಿ. ಜಮೀನಿನ ಪತ್ರವನ್ನು ನಮ್ಮ ಅವ್ವ ಹಾಗೆಯೇ ಇಡುತ್ತಿದ್ದಳು. ಗಂಗವ್ವ ಪ್ರತಿಯೊಂದು ಲಕೋಟೆಗೂ ಅರಿಷಿಣ ಕುಂಕುಮ ಹಚ್ಚಿ, ಎಲ್ಲಮ್ಮನ ಫೋಟೋದ ಹಿಂದೆ ಇಟ್ಟಳು. ಹಳದಿ ಲಕೋಟೆ ಬಂದಾಗ "ಇದು ಅರಿಷಿಣ ಹಚ್ಚಿಸ್ಕೊಂಡೇ ಬಂದೈತಿ ನೋಡ್ರಿ" ಅಂದಳು. ನಾನೂ ಹೌದೆಂದೆ.

ಆ ವರ್ಷದ ಬೇಸಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ನಮ್ಮ ಮಗಳು ಶೈಲಾ ಇದೇ ಊರಿನಲ್ಲಿ ಮೋಟಾರು ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರು. ನವೆಂಬರಿನಲ್ಲಿ ಹೆರಿಗೆ ಅಂತ ತಿಳಿಸಿದಳು. ಇನ್ನೊಂದು, ನಾವು ತರಕಾರಿ ತರುವ ಬೀದಿಯಲ್ಲಿ ಸೂಪಿನ ಅಂಗಡಿ ಇಟ್ಟಿದ್ದ ಮುದುಕಿಯೊಬ್ಬಳು ಅಂಗಡಿ ಬಿಡುವವಳಿದ್ದಳು. ಆರು ಮೇಜಿನ ಜಾಗ. ನನ್ನ ದೋಸೆ ತಿಂದವಳು, ನನಗೇ ಕೊಡುತ್ತೇನೆ ಅಂದಳು. ಐವತ್ತೆಂಟರ ಅಡುಗೆಯವನಿಗೆ ಬೇರೆ ಯಾರೂ ಹೊಸ ಕೆಲಸ ಕೊಡುವುದಿಲ್ಲ. ನನ್ನ ಮೊಣಕಾಲು ಆ ದೊಡ್ಡ ಅಡುಗೆಮನೆಯಲ್ಲಿ ಇನ್ನೊಂದು ವರ್ಷ ನಿಲ್ಲುತ್ತಿರಲಿಲ್ಲ. ಈ ಅಂಗಡಿ ಸಿಕ್ಕರೆ ಮೊಮ್ಮಗುವಿನ ಊರಲ್ಲೇ ಇರಬಹುದು. ಸಿಗದಿದ್ದರೆ ಹುಬ್ಬಳ್ಳಿಗೆ ಹೋಗಿ ಮೊಮ್ಮಗುವನ್ನು ಫೋನಿನಲ್ಲಿ ನೋಡುವುದು. ಅಷ್ಟೇ ಲೆಕ್ಕ.

ಆಗಸ್ಟ್ ಕೊನೆಗೆ ನೌಕರಿ ಬಿಟ್ಟೆ. ಮುದುಕಿಯ ಷರತ್ತು ಒಂದೇ. ನನ್ನ ತೆರಿಗೆ ವ್ಯವಹಾರ ಸರಿ ಇದೆ ಅಂತ ಫಿನಾನ್ಸಾಮ್ಟ್ ಕೊಡುವ ಪ್ರಮಾಣಪತ್ರ ನವೆಂಬರ್ ಮುಗಿಯುವುದರೊಳಗೆ ಬೇಕು, ನಗರದ ಕಚೇರಿಯೂ ಅದನ್ನೇ ಕೇಳುತ್ತದೆ. ಶೈಲಾ ಅರ್ಜಿ ಹಾಕಿದಳು. ಉತ್ತರ ಬಂತು: ೨೦೨೦, ೨೦೨೧, ೨೦೨೨, ಮೂರು ವರ್ಷದ ವಿವರ ಸಲ್ಲಿಸಿಲ್ಲ, ಪ್ರಮಾಣಪತ್ರ ಕೊಡಲು ಬರುವುದಿಲ್ಲ.

ವಿವರ ಸಲ್ಲಿಸಲು ಮಾಲಕರು ವರ್ಷಕ್ಕೊಮ್ಮೆ ಕೊಡಬೇಕಾದ ಸಂಬಳದ ಪ್ರಮಾಣಪತ್ರ ಬೇಕು. ಕೇಳಲು ಹೋದೆ. ಅವರು ಕೊತ್ತಂಬರಿ ಸೋಸುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ಕಾಗದ ಎಲ್ಲಿ ಓಡಿ ಹೋಗತಾವ ಮಲ್ಲಪ್ಪಾ? ದೀಪಾವಳಿ ಸೀಜನ್ ಬಂತು. ಹಂಚಿನ ಮುಂದ ಬಂದು ನಿಲ್ಲು. ಸಂಕ್ರಾಂತಿಗೆ ಕೊಡ್ತೀನಿ."

"ನವೆಂಬರ್‌ದಾಗ ಬೇಕ್ರಿ ನನಗ."

"ಯಾರು ಕರಿಸಿದ್ದು ನಿನ್ನ ಈ ದೇಶಕ್ಕ?"

ಚಪ್ಪಲಿ ಮೆಟ್ಟಿಕೊಂಡು ಬಂದೆ. ಇನ್ನೂ ಎರಡು ಸಲ ಹೋದೆ. ಮೂರು ಸಲವೂ ಚಹಾ ಕೊಟ್ಟರು, ಕಾಗದ ಕೊಡಲಿಲ್ಲ.

ಸೆಪ್ಟೆಂಬರಿನ ಕೊನೆಯ ಭಾನುವಾರ ಶೈಲಾ ಹೊಟ್ಟೆ ಹಿಡಿದುಕೊಂಡು ನಮ್ಮ ಮನೆ ಮೆಟ್ಟಿಲು ಹತ್ತಿದಳು. "ಆಫೀಸಿನಿಂದ ಬಂದ ಪತ್ರ ಎಲ್ಲ ಕೊಡಪ್ಪಾ" ಅಂದಳು. ಗಂಗವ್ವ ಕೈಕಾಲು ತೊಳೆದು, ಜಗಲಿಯಿಂದ ಹನ್ನೊಂದು ಲಕೋಟೆ ಇಳಿಸಿ ತಂದಳು. ಒಂದನ್ನೂ ಒಡೆದಿರಲಿಲ್ಲ.

"ಅವ್ವಾ, ಇವಕ್ಕ ಕುಂಕುಮ ಹಚ್ಚೀಯಲ್ಲ."

"ಮತ್ತ? ಸರಕಾರದ್ದು. ಬರೇ ಹಣೀಲೆ ಇಡೂದೇನು?"

ಶೈಲಾ ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕಳು. ಒಳಗಿದ್ದದ್ದು ನೆನಪೋಲೆ, ಎಚ್ಚರಿಕೆ, ಕೊನೆಯ ಎಚ್ಚರಿಕೆ. ಕೊನೆಯದರಲ್ಲಿ ಒಬ್ಬ ಅಧಿಕಾರಿಯ ಹೆಸರಿತ್ತು, ಫ್ರಾವ್ ಕ್ರೂಗರ್. ಫ್ರಾವ್ ಅಂದರೆ ನಮ್ಮಲ್ಲಿ ಶ್ರೀಮತಿ ಅಂದ ಹಾಗೆ. "ಕಷ್ಟವಿದ್ದರೆ ಬಂದು ಮಾತಾಡಿ" ಅಂತ ಬರೆದಿದ್ದರಂತೆ. ಆ ಸಾಲು ಒಂದೂವರೆ ವರ್ಷ ಎಲ್ಲಮ್ಮನ ಬೆನ್ನ ಹಿಂದೆ ಕೂತಿತ್ತು.

ಸಮಯ ಗೊತ್ತು ಮಾಡಿಕೊಂಡು ಅಕ್ಟೋಬರಿನಲ್ಲಿ ಹೋದೆವು. ಗಂಗವ್ವ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು. ಫ್ರಾವ್ ಕ್ರೂಗರ್ ಅಂದರೆ ನನ್ನ ವಯಸ್ಸಿನ ಹೆಣ್ಣುಮಗಳು, ಕನ್ನಡಕಕ್ಕೆ ದಾರ. ಮೊದಲು ಹೋಳಿಗೆ ಡಬ್ಬಿ ಅವರ ಮುಂದೆ ಇಟ್ಟೆ. ಅವರು ಅದನ್ನು ಎರಡು ಕೈಯಿಂದ ನನ್ನ ಕಡೆಗೇ ಸರಿಸಿದರು. ಶೈಲಾ ಕನ್ನಡದಲ್ಲಿ ಹೇಳಿದಳು: "ತಗೊಳ್ಳೂ ಹಂಗಿಲ್ಲಂತ ಅಪ್ಪಾ, ಕಾನೂನು." ನನ್ನ ಅನ್ನ ಮುಟ್ಟದವರು ನನ್ನ ಕೆಲಸ ಯಾಕೆ ಮಾಡುತ್ತಾರೆ ಅಂದುಕೊಂಡೆ.

ಅವರು ಲಕೋಟೆಗಳನ್ನು ಬಿಡಿಸಿದಾಗ ಮೇಜಿನ ಮೇಲೆ ಕುಂಕುಮ ಉದುರಿತು. ಏನಿದು ಅಂತ ಕೇಳಿದರು. ಶೈಲಾ ನಾಚಿಕೊಂಡು ವಿವರಿಸಿದಳು. ಅವರು ನಗಲಿಲ್ಲ. "ಇಪ್ಪತ್ತೆಂಟು ವರ್ಷದಿಂದ ಪತ್ರ ಕಳಿಸುತ್ತಿದ್ದೇನೆ. ಇಷ್ಟು ಗೌರವ ಯಾರೂ ಕೊಟ್ಟಿಲ್ಲ. ಆದರೂ ಒಡೆದು ಓದಿದ್ದರೆ ಚೆನ್ನಾಗಿತ್ತು" ಅಂದರು.

ಆಮೇಲೆ ಕಂಪ್ಯೂಟರಿನ ಮುಖ ನಮ್ಮ ಕಡೆ ತಿರುಗಿಸಿದರು. ಅಲ್ಲಿ ನನ್ನ ಹೆಸರಿತ್ತು. ೨೦೨೦ ಮತ್ತು ೨೦೨೧ರ ಸಂಬಳದ ವಿವರವನ್ನು ಮಾಲಕರು ಆಗಲೇ ಕಂಪ್ಯೂಟರಿನಲ್ಲಿ ಕಚೇರಿಗೆ ಕಳಿಸಿಬಿಟ್ಟಿದ್ದರು, ಕಾನೂನು ಹಾಗೆ ಇದೆ. ನಾನು ಯಾವ ಕಾಗದಕ್ಕಾಗಿ ಮೂರು ಸಲ ಚಹಾ ಕುಡಿದು ಬಂದೆನೋ ಅದು ಇಲ್ಲೇ ಇತ್ತು. ಒಂದು ಗುಂಡಿ ಒತ್ತಿದರು, ಮಷೀನಿನಿಂದ ಬೆಚ್ಚಗೆ ಹೊರಗೆ ಬಂತು. ಅದನ್ನು ಕಣ್ಣಿಗೆ ಒತ್ತಿಕೊಂಡೆ.

೨೦೨೨ರದ್ದು ಮಾತ್ರ ಮಾಲಕರು ಕಳಿಸಿರಲಿಲ್ಲ. "ಅವರಿಗೆ ನಾವು ಬರೆಯುತ್ತೇವೆ. ಕೊಡುವುದು ಅವರ ಕರ್ತವ್ಯ. ಅದಕ್ಕಾಗಿ ನಿಮ್ಮನ್ನು ಕಾಯಿಸುವುದಿಲ್ಲ. ಸಂಬಳ ಜಮೆಯಾದ ಬ್ಯಾಂಕಿನ ಪಟ್ಟಿ ಸದ್ಯಕ್ಕೆ ಸಾಕು" ಅಂದರು. ಆಮೇಲೆ ಕೇಳಿದರು: ಮನೆಯಿಂದ ಕೆಲಸಕ್ಕೆ ಹೋದ ದಿನಗಳೆಷ್ಟು? ಹೋಗಿಬರುವ ದೂರಕ್ಕೆ ಇಲ್ಲಿ ತೆರಿಗೆಯಲ್ಲಿ ರಿಯಾಯಿತಿ ಇದೆ, ಆದರೆ ದಿನಗಳನ್ನು ತೋರಿಸಬೇಕು.

ಅದು ನನ್ನ ಹತ್ತಿರ ಇತ್ತು. ಹ್ಯಾನೋವರಿನ ಚಳಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲ. ನಿನ್ನೆ ಎಷ್ಟು ಕಿಲೋ, ಎಷ್ಟು ತಾಸು, ಒಲೆ ಪಕ್ಕವೋ ಕಿಟಕಿ ಪಕ್ಕವೋ ಅಂತ ಬರೆದಿಡದಿದ್ದರೆ ನಾಳಿನ ಹಿಟ್ಟು ಕೆಟ್ಟಿತು. ಊರಿನಿಂದ ತರಿಸಿದ ತಿಥಿ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದ ಮನೆಗಳಲ್ಲಿ, ನಾನು ದಿನಾ ಹಿಟ್ಟಿನ ಅಂಕಿ ಬರೆಯುತ್ತಿದ್ದೆ. ವರ್ಷ ಮುಗಿದರೂ ಎಸೆಯುತ್ತಿರಲಿಲ್ಲ. ಮರುದಿನ ಮೂರೂ ಕ್ಯಾಲೆಂಡರ್ ಒಯ್ದೆ.

ಫ್ರಾವ್ ಕ್ರೂಗರ್ ಶೈಲಾಳ ಕೈಯಿಂದ ಕನ್ನಡದ ಹತ್ತು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರು. ಸ್ಕೇಲು ಇಟ್ಟು, ತುಟಿ ಅಲುಗಿಸುತ್ತಾ, ಒಂದೊಂದೇ ಮನೆ ಎಣಿಸಿದರು. ಕೊರೊನಾ ತಿಂಗಳುಗಳಿಗೆ ಬಂದಾಗ ಬೆರಳು ನಿಂತಿತು. ಹಾಳೆ ಮೇಲೆ ಹಾಳೆ ಖಾಲಿ.

"ಇಲ್ಲಿ ಏಕೆ ಏನೂ ಬರೆದಿಲ್ಲ?"

"ಅಡುಗೆಮನಿಗೆ ಬೀಗ ಇತ್ತಲ್ರಿ. ರುಬ್ಬದ್ದನ್ನ ಹೆಂಗ ಬರೀಲಿ?"

ಶೈಲಾ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದಳು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈ ಖಾಲಿ ಮನೆಗಳು ಇರುವುದರಿಂದಲೇ ಉಳಿದ ಮನೆಗಳನ್ನು ನಂಬುತ್ತೇನೆ" ಅಂದು, ಮತ್ತೆ ಎಣಿಸತೊಡಗಿದರು.

ಬೆಳಗಿನ ಜಾವ ಎದ್ದು, ಹಿಮ ತುಳಿದು ಹೋಗಿ ನಾನು ರುಬ್ಬಿದ ಒಂದೊಂದು ದಿನವನ್ನೂ ಒಂದು ದೇಶದ ಸರಕಾರ ಬೆರಳಿಟ್ಟು ಓದುತ್ತಿತ್ತು. ಒಂಬತ್ತು ವರ್ಷ ಅನ್ನ ಹಾಕಿದ ಮಾಲಕರಿಗೆ ನಾನು ರಜೆ ಮಾಡಿದ ದಿನಗಳಷ್ಟೇ ನೆನಪಿದ್ದವು. ನನ್ನ ಮನೆಯ ಉಪ್ಪಿನ ಹರಳೊಂದನ್ನೂ ಮುಟ್ಟದ ಈ ಹೆಣ್ಣುಮಗಳು ನಾನು ದುಡಿದ ದಿನಗಳನ್ನು ಎಣಿಸಿದರು. ಹೋಳಿಗೆ ಯಾಕೆ ಸರಿಸಿದರು ಅಂತ ನನಗೆ ಆಗ ತಿಳಿಯಿತು.

ತಡಮಾಡಿದ್ದಕ್ಕೆ ದಂಡ ಬಿತ್ತು, ಕಟ್ಟಿದೆ. ಅದು ನನ್ನ ತಪ್ಪು. ಮಾಲಕರಿಗೆ ಕಚೇರಿಯಿಂದ ಪತ್ರ ಹೋದ ಎರಡು ವಾರಕ್ಕೆ ೨೦೨೨ರ ಕಾಗದವೂ ಬಂತು. ಅದರ ಜತೆ ಚೀಟಿಯಲ್ಲಿ ಒಂದು ಮಾತು ಬರೆದಿದ್ದರು: "ನೇರ ಕೇಳಿದ್ರ ಕೊಡ್ತಿದ್ನಲ್ಲೋ." ಗಂಗವ್ವ ಅದನ್ನು ಓದಿಸಿಕೊಂಡು, "ಮೂರು ಕಪ್ ಚಾ ಏನು ಸೊಟ್ಟ ಕೇಳಾಕ ಹೋಗಿದ್ರೇನು ನೀವು?" ಅಂದಳು.

ನವೆಂಬರಿನ ಮೂರನೇ ವಾರ ಮೊಮ್ಮಗಳು ಹುಟ್ಟಿದಳು. ನಾಲ್ಕನೇ ದಿನ ಪ್ರಮಾಣಪತ್ರದ ಲಕೋಟೆ ಬಂತು. ಗಂಗವ್ವ ಕುಂಕುಮದ ಭರಣಿ ತೆಗೆದಳು. "ತಡಿ" ಅಂದೆ. ಬಾಗಿಲಲ್ಲೇ ನಿಂತು ಒಡೆದೆ, ಅಕ್ಷರ ಕೂಡಿಸಿಕೊಂಡು ನಾನೇ ಓದಿದೆ. ಆಮೇಲೆ ಜಗಲಿ ಮೇಲೆ ಇಟ್ಟೆ. ಸಂಜೆ ಮೊಮ್ಮಗಳ ಕಿವಿಯಲ್ಲೂ ಆ ಪತ್ರದ ಮೊದಲ ಸಾಲು ಹೇಳಿದೆ. ಅವಳು ಆಕಳಿಸಿದಳು.

ಈಗ ಅಂಗಡಿಯ ಆರು ಮೇಜಿನ ನಡುವೆ ಅವಳು ಓಡಾಡುತ್ತಾಳೆ, ಅಜ್ಜ ಅನ್ನುವುದನ್ನು "ಓಪಾ" ಅಂತ ಜರ್ಮನಿನಲ್ಲೇ ಕೂಗುತ್ತಾಳೆ, ನನಗೆ ಸಂತೋಷ ತಡೆಯಲಾಗುವುದಿಲ್ಲ. ಅಂಗಡಿಯಲ್ಲಿ ಕೆಲಸಕ್ಕೆ ಒಬ್ಬ ಹೆಣ್ಣುಮಗಳಿದ್ದಾಳೆ, ಲೈಲಾ ಅಂತ. ಪ್ರತಿ ವರ್ಷ ಫೆಬ್ರವರಿ ಬರುವ ಮೊದಲೇ ಅವಳ ಸಂಬಳದ ಪ್ರಮಾಣಪತ್ರವನ್ನು ನಾನೇ ಕೈಯಲ್ಲಿ ಕೊಡುತ್ತೇನೆ. ಮೊದಲ ಸಲ ಅವಳು ಅದನ್ನು ಓದದೆ ಮಡಚಿ ಚೀಲಕ್ಕೆ ಹಾಕಲು ಹೋದಳು. "ನಿಮ್ಮ ಮೇಲೆ ನನಗೆ ನಂಬಿಕೆ ಇದೆ" ಅಂದಳು.

"ನಂಬಿಕಿ ಇರಲಿ ತಂಗಿ" ಅಂತ ನನ್ನ ಹರಕು ಜರ್ಮನಿನಲ್ಲಿ ಹೇಳಿದೆ. "ಕೂತು ಓದು. ಓದಿ ಮುಗಿಯೂತನ ಹಂಚು ನಾ ನೋಡ್ಕೊಂತೀನಿ."