ಇನ್ನೊಂದು ತೋರಸ್ರಿ

ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರೇ ನನ್ನ ಮೊಬೈಲು, ಟ್ಯಾಬ್ಲೆಟ್ ಅಂಗಡಿ. ಒಬ್ಬ ಚಿತ್ರಕಲಾ ಟೀಚರು ಬಂದರೆ ಬಾಗಿಲಲ್ಲೇ ಕೂತು, ಬರಗಾಲಕ್ಕೆ ದುಡಿಯಲು ಪುಣೆ ಬಸ್ಸು ಹತ್ತುವವರ ಮುಖ ಬರೆದು ಟ್ಯಾಬ್ಲೆಟ್ ಪರೀಕ್ಷಿಸುತ್ತಿದ್ದರು. “ಕಪ್ಪು ಬಣ್ಣ ಬೂದಿಗತೆ ಕಾಣ್ಲತ್ತದ. ಗೆರಿ ಪೆನ್ನಿನ ಹಿಂದ ಬೀಳ್ಲತ್ತದ. ಇನ್ನೊಂದು ತೋರಸ್ರಿ” ಅನ್ನುವರು. ಚಿತ್ರ ಅಳಿಸಿ, ಗಾಜಿನ ಮೇಲಿನ ಬೆರಳಗುರುತನ್ನೂ ಸೆರಗಿನಿಂದ ಒರೆಸಿಯೇ ಕೊಡುವರು. ಒಂದನ್ನೂ ಕೊಳ್ಳುತ್ತಿರಲಿಲ್ಲ; ನನಗೋ ಮೈಯೆಲ್ಲ ಉರಿ.

ಒಂದು ದಿನ ಟೀಚರು ಹಾಗೆ ಕೂತಿದ್ದಾಗ ಡಾಬಕಾ ಹಳ್ಳಿಯ ಕುರಿಗಾರರ ಹೆಣ್ಣುಮಗಳು ಬಂದಳು. “ಅಕ್ಕೋರೆ, ಅವತ್ತು ಬಸ್ ಹತ್ತಾಗ ನಮ್ಮಪ್ಪನ ಚಿತ್ರ ಬರದಿದ್ರಲ್ರಿ? ಪುಣೆದಾಗೇ ತೀರಿಕೊಂಡ. ಒಂದು ಫೋಟೊ ಸೈತ ಇಲ್ರಿ.”

ಅಳಿಸಿದ್ದ ಮುಖವನ್ನು ಟೀಚರು ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಮೇಲೆ ನೆನಪಿನಿಂದಲೇ ಮತ್ತೆ ಬರೆದರು. “ಅಪ್ಪಾ!” ಎಂದು ಚೀರಿದವಳು ಉಡಿಯಲ್ಲಿದ್ದ ಮೈಲಾರ ದೇವರ ಭಂಡಾರದ ಅರಿಶಿನ ತೆಗೆದು ಚಿತ್ರದ ಹಣೆಗೆ ಬಳಿದೇಬಿಟ್ಟಳು. ಹೊಸ ಮಾಲು! ಟೀಚರು ಸೆರಗು ಮುಟ್ಟಲಿಲ್ಲ.

“ಇದೇ ಇರ್ಲಿರಿ” ಅಂದರು.